ಶಿಬಿರದಲ್ಲಿ ಶುಗರ್ 168 ಬಂತು, ಈಗ ಯಾರ ಮಾತು ಕೇಳಲಿ?

ಪ್ರಶ್ನೆ: ನನಗೆ 41 ವರ್ಷ. ಅರಸೀಕೆರೆ ಕಡೆಯ ಹಳ್ಳಿ. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಮ್ಮ ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಗಾಯ ವಾಸಿಯಾಗದೆ ಕಾಲಿನ ಎರಡು ಬೆರಳು ತೆಗೆಸಬೇಕಾಯಿತು. ತಾಯಿಗೆ 68, ಅವರಿಗೂ ಸುಮಾರು ವರ್ಷಗಳಿಂದ ಶುಗರ್ ಇದೆ. ಮೊನ್ನೆ ಊರಿನ ಆರೋಗ್ಯ ಶಿಬಿರದಲ್ಲಿ ನನ್ನ ಬೆರಳು ಚುಚ್ಚಿ ನೋಡಿದರು, 168 ಬಂತು. ಊಟ ಮಾಡಿ ಒಂದು ಗಂಟೆ ಆಗಿತ್ತು. ಅಲ್ಲಿ ಒಬ್ಬರು ‘ಶುಗರ್ ಶುರುವಾಗಿದೆ’ ಎಂದರು, ಇನ್ನೊಬ್ಬರು ‘ಏನಿಲ್ಲ ಹೋಗಮ್ಮ’ ಎಂದರು. ಬೆಂಗಳೂರಿನಲ್ಲಿರುವ ತಮ್ಮ ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಮಾಡಿಸು ಎನ್ನುತ್ತಾನೆ. ನನಗೆ ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಬೇರೆ ಕೊಟ್ಟಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ದಿನಕ್ಕೊಂದು ವಿಡಿಯೊ ಬರುತ್ತದೆ, ಒಂದರ ಹಾಗೆ ಇನ್ನೊಂದಿಲ್ಲ. ಅದನ್ನೇ ನೋಡಿ ಅಮ್ಮ ಎರಡು ವಾರದಿಂದ ಮಾತ್ರೆ ಬಿಟ್ಟು ಯಾವುದೋ ಪುಡಿ ಕುಡಿಯುತ್ತಿದ್ದಾರೆ. ಸರಿಯಾದ ಮಾಹಿತಿ ಎಲ್ಲಿ ಸಿಗುತ್ತದೆ? ಯಾರನ್ನು ನಂಬಲಿ?

ಉತ್ತರ: ಮೊದಲು ನಿಮ್ಮ ತಾಯಿಯ ವಿಷಯ. ನೀವು ಅದನ್ನು ಕೊನೆಗೆ ಬರೆದಿದ್ದೀರಿ, ಆದರೆ ಇವತ್ತೇ ನೋಡಬೇಕಾದದ್ದು ಅದು. ನಿಮ್ಮ 168 ಒಂದು ವಾರ ಕಾಯುತ್ತದೆ. ಮಾತ್ರೆ ಬಿಟ್ಟ 68ರ ಅಮ್ಮ ಕಾಯುವಂತಿಲ್ಲ.

ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಖಾಲಿ ಸ್ಟ್ರಿಪ್, ಹಳೆಯ ಚೀಟಿ, ಈಗ ಕುಡಿಯುತ್ತಿರುವ ಪುಡಿಯ ಪೊಟ್ಟಣ, ಈ ಮೂರನ್ನೂ ಒಂದು ಕವರಿಗೆ ಹಾಕಿ. ನಾಳೆ ಬೆಳಿಗ್ಗೆ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಮನೆಯಲ್ಲೇ ಹಳೆಯ ಮಾತ್ರೆಯನ್ನು ಹಳೆಯ ಪ್ರಮಾಣದಲ್ಲಿ ಮತ್ತೆ ಶುರು ಮಾಡಬೇಡಿ. ಕಾರಣ ಇದೆ. ಹೆಸರಿಲ್ಲದ ಇಂಥ ಪುಡಿಗಳಲ್ಲಿ ಅಲೋಪತಿ ಶುಗರ್ ಮಾತ್ರೆಯನ್ನೇ ಅರೆದು ಬೆರೆಸಿದ್ದು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆಯಿಂದ ಪತ್ತೆಯಾಗಿದೆ. ‘ಪುಡಿ ಕುಡಿದ ವಾರಕ್ಕೇ ಶುಗರ್ ಇಳಿಯಿತು’ ಎನ್ನುವವರಲ್ಲಿ ಕೆಲವರಿಗೆ ಇಳಿಸಿದ್ದು ಆ ಮಾತ್ರೆಯೇ ಇರಬಹುದು. ಅದರ ಮೇಲೆ ಇನ್ನೊಂದು ಮಾತ್ರೆ ನುಂಗಿದರೆ ಶುಗರ್ ಪಾತಾಳಕ್ಕೆ ಇಳಿಯಬಹುದು. ಪುಡಿಯಲ್ಲಿ ಏನೂ ಇಲ್ಲದಿದ್ದರೆ ಉಲ್ಟಾ ಆಗುತ್ತದೆ, ಎರಡು ವಾರದಲ್ಲಿ ಶುಗರ್ 300, 400 ದಾಟಿರಬಹುದು. ಎರಡರಲ್ಲಿ ಯಾವುದು ಎಂದು ಹೊರಗಿನಿಂದ ನೋಡಿ ಹೇಳಲಾಗದು. ಹೀಗಾಗಿ ಮೊದಲು ಪರೀಕ್ಷೆ, ಆಮೇಲೆ ಮಾತ್ರೆ.

ತುಂಬಾ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಏದುಸಿರು, ಮಂಪರು, ಮಾತು ತಡವರಿಸುವುದು ಇದ್ದರೆ ಬೆಳಗಾಗುವುದನ್ನು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಬೆವರು, ನಡುಕ, ಎದೆ ಡವಡವ, ಇದ್ದಕ್ಕಿದ್ದಂತೆ ಸಿಡುಕುವುದು ಕಂಡರೆ ಶುಗರ್ ಕಡಿಮೆಯಾಗಿರಬಹುದು. 70ಕ್ಕಿಂತ ಕಡಿಮೆ ಎಂದರೆ ಕಡಿಮೆಯೇ. ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಸರಿಯಾಗದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ಅಮ್ಮ ಮಾತ್ರೆ ಬಿಟ್ಟದ್ದಕ್ಕೆ ಬೈಯಬೇಡಿ. ಯಾಕೆ ಬಿಟ್ಟರು ಎಂದು ಕೇಳಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ಒಂದೇ ಉತ್ತರ, ‘ಶುಗರ್ ಮಾತ್ರೆ ಕಿಡ್ನಿ ಹಾಳು ಮಾಡುತ್ತಂತೆ’. ಈ ಮಾತು ಹುಟ್ಟಿದ್ದು ಹೀಗೆ. ಶುಗರ್‌ಗೆ ಸಾಮಾನ್ಯವಾಗಿ ಕೊಡುವ ಮೆಟ್ಫಾರ್ಮಿನ್ ಮಾತ್ರೆ ದೇಹದಿಂದ ಹೊರಗೆ ಹೋಗುವುದು ಕಿಡ್ನಿ ಮೂಲಕ. ಕಿಡ್ನಿ ಮೊದಲೇ ಸೋತಿದ್ದರೆ ಡಾಕ್ಟರು ಅದರ ಪ್ರಮಾಣ ಇಳಿಸುತ್ತಾರೆ, ಇನ್ನೂ ಸೋತರೆ ನಿಲ್ಲಿಸುತ್ತಾರೆ. ಅದನ್ನು ನೋಡಿದ ಜನ ಮಾತ್ರೆಯಿಂದಲೇ ಕಿಡ್ನಿ ಹೋಯಿತು ಎಂದುಕೊಳ್ಳುತ್ತಾರೆ. ಕಿಡ್ನಿಯನ್ನು ಹಾಳು ಮಾಡುವುದು ವರ್ಷಗಟ್ಟಲೆ ಏರಿಯೇ ಇದ್ದ ಶುಗರ್ ಮತ್ತು ಬಿಪಿ. ಮೆಟ್ಫಾರ್ಮಿನ್‌ನಿಂದ ತೊಂದರೆ ಇಲ್ಲವೇ ಇಲ್ಲ ಎಂದು ಹೇಳುತ್ತಿಲ್ಲ. ಹೊಟ್ಟೆ ಉಬ್ಬರ, ಭೇದಿ ಕೆಲವರಿಗೆ ಆಗುತ್ತದೆ. ಊಟದ ಜೊತೆ ತೆಗೆದುಕೊಂಡರೆ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಾಯಿಸಿದರೆ ಬಹಳ ಜನಕ್ಕೆ ಸರಿಹೋಗುತ್ತದೆ. ವರ್ಷಗಟ್ಟಲೆ ತೆಗೆದುಕೊಂಡವರಿಗೆ ಬಿ12 ವಿಟಮಿನ್ ಕಡಿಮೆಯಾಗಬಹುದು, ಸಸ್ಯಾಹಾರಿಗಳಿಗೆ ಜಾಸ್ತಿ. ಪಾದ ಜುಮ್ಮೆನ್ನುತ್ತದೆ ಎಂದು ಅಮ್ಮ ಹೇಳಿದರೆ ಡಾಕ್ಟರ ಹತ್ತಿರ ಇದನ್ನೂ ಕೇಳಿ.

ಅವರ ಚೀಟಿಯಲ್ಲಿ ಗ್ಲಿಮೆಪಿರೈಡ್ ಎಂದಿದೆಯಾ ನೋಡಿ. ಅದು ಶುಗರ್ ಅನ್ನು ತೀರಾ ಕೆಳಗೆ ಇಳಿಸಬಲ್ಲ ಮಾತ್ರೆ. ಏಕಾದಶಿ, ಸಂಕಷ್ಟಿ ಎಂದು ಉಪವಾಸ ಮಾಡುವ ಹಿರಿಯರು ಅದನ್ನು ಎಂದಿನಂತೆ ನುಂಗಿ ಮಧ್ಯಾಹ್ನ ತಲೆ ತಿರುಗಿ ಬೀಳುವುದು ಹೊಸದೇನಲ್ಲ. ಉಪವಾಸ ಮಾಡುತ್ತಾರೆ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ. ಅವರು ಬೈದರೂ ಪರವಾಗಿಲ್ಲ, ಹೇಳಿ.

ಈಗ ನಿಮ್ಮ 168. ಶಿಬಿರದಲ್ಲಿದ್ದ ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು. ಬೆರಳು ಚುಚ್ಚಿ ಯಾವ ಹೊತ್ತಿನಲ್ಲೋ ನೋಡಿದ ಶುಗರ್‌ನಿಂದ ‘ಕಾಯಿಲೆ ಬಂದಿದೆ’ ಎಂದು ತೀರ್ಮಾನಿಸುವಂತಿಲ್ಲ. 200 ದಾಟಿ, ಜೊತೆಗೆ ಬಾಯಾರಿಕೆ, ತೂಕ ಇಳಿಯುವುದು ಮುಂತಾದ ಲಕ್ಷಣಗಳೂ ಇದ್ದರೆ ಮಾತು ಬೇರೆ. ಊಟವಾದ ಒಂದು ಗಂಟೆಗೆ ಆರೋಗ್ಯವಂತರಲ್ಲೂ ಶುಗರ್ ಏರಿರುತ್ತದೆ. ಹಾಗೆಂದು ‘ಏನಿಲ್ಲ ಹೋಗಮ್ಮ’ ಅನ್ನುವುದೂ ಸರಿಯಲ್ಲ. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಹೀಗೆ ನೋಡಿದಾಗ 140 ದಾಟಿದವರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು ಎಂದೇ ಇದೆ. ನೀವು ಆ ಗೆರೆ ದಾಟಿದ್ದೀರಿ. ಶಿಬಿರದವರು ನಿಮ್ಮ ಕೈಗೆ ಒಂದು ಚೀಟಿ ಕೊಟ್ಟು ಇಂಥ ದಿನ ಇಂಥ ಕಡೆ ಹೋಗಿ ಎನ್ನಬೇಕಿತ್ತು. ಚುಚ್ಚಿ, ನಂಬರ್ ಹೇಳಿ, ಬಾಳೆಹಣ್ಣು ಕೊಟ್ಟು ಕಳಿಸುವ ಶಿಬಿರಗಳ ಬಗ್ಗೆ ನನಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯ ಇಲ್ಲ.

ನಂಬರ್ ಒಂದೇ ಅಲ್ಲ, ನಿಮ್ಮ ಹಿನ್ನೆಲೆಯೂ ಮಾತಾಡುತ್ತದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ನಮ್ಮ ದೇಶದವರಿಗೆಂದೇ ಒಂದು ಸರಳ ಲೆಕ್ಕ ಮಾಡಿದ್ದಾರೆ. ರಕ್ತ ಬೇಡ, ಒಂದು ಅಳತೆ ಟೇಪ್ ಸಾಕು. ಹೊಲಿಗೆ ಮಾಡುವ ನಿಮ್ಮ ಹತ್ತಿರ ಅದು ಇದ್ದೇ ಇರುತ್ತದೆ. ವಯಸ್ಸು 35ರಿಂದ 49 ಇದ್ದರೆ 20 ಅಂಕ, 50 ದಾಟಿದರೆ 30. ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ. ಒಳಗಿದ್ದರೆ ಸೊನ್ನೆ, 80ರಿಂದ 89 ಆದರೆ 10, 90 ಮತ್ತು ಮೇಲಾದರೆ 20. ಗಂಡಸರಿಗೆ ಇದೇ ಲೆಕ್ಕ 90 ಮತ್ತು 100ಕ್ಕೆ. ವ್ಯಾಯಾಮವೂ ಇಲ್ಲ, ಕೂತು ಮಾಡುವ ಕೆಲಸ ಎಂದರೆ 30. ವ್ಯಾಯಾಮ ಅಥವಾ ಮೈಬಗ್ಗಿಸುವ ಕೆಲಸ, ಒಂದು ಇದ್ದರೆ 20. ತಂದೆ ತಾಯಿಯರಲ್ಲಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಮುಟ್ಟಿದರೆ ಅಪಾಯ ಜಾಸ್ತಿ ಎಂದರ್ಥ. ನಿಮ್ಮದು ವಯಸ್ಸಿಗೆ 20, ಹೊಲಿಗೆ ಮೆಷಿನ್ ಮುಂದೆ ಕೂರುವುದಕ್ಕೆ 30, ಅಪ್ಪ ಅಮ್ಮ ಇಬ್ಬರಿಗೂ 20. ಸೊಂಟ ಅಳೆಯುವ ಮೊದಲೇ 70 ಆಯಿತು. ಶಿಬಿರದಲ್ಲಿ 110 ಬಂದಿದ್ದರೂ ನಾನು ನಿಮಗೆ ಪೂರ್ತಿ ಪರೀಕ್ಷೆ ಮಾಡಿಸಿ ಎಂದೇ ಹೇಳುತ್ತಿದ್ದೆ.

ಯಾವ ಪರೀಕ್ಷೆ? ಇಲ್ಲಿ ನಿಮ್ಮ ಪತ್ರದ ಒಂದು ಸಾಲು ನನಗೆ ಬಹಳ ಉಪಯೋಗಕ್ಕೆ ಬಂತು, ‘ರಕ್ತ ಕಡಿಮೆ ಇದೆ’ ಎಂಬುದು. ಈಗ ಎಲ್ಲರೂ ‘ಮೂರು ತಿಂಗಳ ಸರಾಸರಿ’ ಮಾಡಿಸಿ ಎನ್ನುತ್ತಾರೆ, ಅಂದರೆ ಎಚ್‌ಬಿಎ1ಸಿ. ಒಳ್ಳೆಯ ಪರೀಕ್ಷೆ. ಹೊಟ್ಟೆ ಖಾಲಿ ಇರಬೇಕಿಲ್ಲ. 6.5 ಮತ್ತು ಮೇಲೆ ಬಂದರೆ ಸಕ್ಕರೆ ಕಾಯಿಲೆ, 5.7ರಿಂದ 6.4 ಬಂದರೆ ನಾರ್ಮಲ್‌ಗೂ ಕಾಯಿಲೆಗೂ ನಡುವಿನ ಗಡಿಯಲ್ಲಿದೆ. ಆದರೆ ಅದು ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು. ರಕ್ತಕಣದಲ್ಲೇ ತೊಂದರೆ ಇದ್ದರೆ ಲೆಕ್ಕ ತಪ್ಪುತ್ತದೆ. ಕಬ್ಬಿಣದ ಕೊರತೆ ಇದ್ದವರಲ್ಲಿ ಇದು ನಿಜಕ್ಕಿಂತ ಹೆಚ್ಚು ತೋರಿಸಬಹುದು. ಕಬ್ಬಿಣದ ಮಾತ್ರೆ ಶುರು ಮಾಡಿ ಹೊಸ ರಕ್ತಕಣ ಹುಟ್ಟತೊಡಗಿದಾಗ, ಅಥವಾ ತುಂಬಾ ರಕ್ತ ಹೋದಾಗ ಕಡಿಮೆ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವವರು ಎಷ್ಟು ಜನ ಅಲ್ವಾ. ಆದರೂ ರಿಪೋರ್ಟಿನ ಪಕ್ಕದಲ್ಲಿ ಹಿಮೋಗ್ಲೋಬಿನ್ ಎಷ್ಟು ಎಂದು ಕೇಳುವವರು ಕಡಿಮೆ. ನಿಮಗೆ ಈಗ ಇದೊಂದನ್ನೇ ನಂಬಿ ತೀರ್ಮಾನಿಸುವುದು ಬೇಡ.

ನಿಮಗೆ ಬೇಕಾದದ್ದು ಹಳೆಯ ಪರೀಕ್ಷೆಯೇ. ರಾತ್ರಿ ಊಟದ ನಂತರ ಕನಿಷ್ಠ 8 ಗಂಟೆ ಏನೂ ತಿನ್ನದೆ, ಕಾಫಿಯನ್ನೂ ಕುಡಿಯದೆ, ಬೆಳಿಗ್ಗೆ ತೋಳಿನಿಂದ ರಕ್ತ ಕೊಡುವುದು. ನೀರು ಕುಡಿಯಬಹುದು. ಆಮೇಲೆ 75 ಗ್ರಾಂ ಗ್ಲುಕೋಸ್ ನೀರಿನಲ್ಲಿ ಕುಡಿದು ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ. ಖಾಲಿ ಹೊಟ್ಟೆಯದು 126 ಅಥವಾ ಮೇಲೆ, ಇಲ್ಲವೇ ಎರಡು ಗಂಟೆಯದು 200 ಅಥವಾ ಮೇಲೆ ಬಂದರೆ ಸಕ್ಕರೆ ಕಾಯಿಲೆ. ಎರಡು ಗಂಟೆಯದು 140ರಿಂದ 199ರ ನಡುವೆ ಇದ್ದರೆ ಗಡಿ. ಖಾಲಿ ಹೊಟ್ಟೆಯ ಗಡಿಯಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಅಮೆರಿಕದ ಡಯಾಬಿಟಿಸ್ ಸಂಘ 100ರಿಂದಲೇ ಗಡಿ ಎನ್ನುತ್ತದೆ, ವಿಶ್ವ ಆರೋಗ್ಯ ಸಂಸ್ಥೆ 110ರಿಂದ. ಹಾಗಾಗಿ 104 ಬಂದಾಗ ಒಬ್ಬ ಡಾಕ್ಟರು ಗಡಿ ಎಂದೂ ಇನ್ನೊಬ್ಬರು ನಾರ್ಮಲ್ ಎಂದೂ ಹೇಳಿದರೆ ಇಬ್ಬರಲ್ಲಿ ಒಬ್ಬರು ಸುಳ್ಳರು ಎಂದುಕೊಳ್ಳಬೇಡಿ. ಲಕ್ಷಣ ಏನೂ ಇಲ್ಲದೆ ನಂಬರ್ ಮಾತ್ರ ಜಾಸ್ತಿ ಬಂದರೆ ಇನ್ನೊಂದು ಪರೀಕ್ಷೆಯಲ್ಲಿ ಖಚಿತ ಮಾಡಿಕೊಂಡೇ ಹೆಸರಿಡಬೇಕು. ಒಂದು ರಿಪೋರ್ಟಿನ ಮೇಲೆ ಜೀವನಪೂರ್ತಿಯ ಮಾತ್ರೆ ಬರೆಯುವ ಅವಸರ ಬೇಕಿಲ್ಲ.

ಒಂದು ಎಚ್ಚರಿಕೆ. ಪರೀಕ್ಷೆ ಇದೆ ಎಂದು ಮೂರು ದಿನ ಮೊದಲಿನಿಂದ ಅನ್ನ ಬಿಟ್ಟು ಸೌತೆಕಾಯಿ ತಿನ್ನುವವರಿದ್ದಾರೆ. ಸುಮ್ನೆ ನಿಮಗೆ ನೀವೇ ಮೋಸ ಮಾಡಿಕೊಂಡಂತೆ. ಎಂದಿನ ಊಟವನ್ನೇ ಮಾಡಿ ಹೋಗಿ.

ಮನೆಯ ಗ್ಲುಕೋಮೀಟರ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಕಾಯಿಲೆ ಇದೆಯೋ ಇಲ್ಲವೋ ತೀರ್ಮಾನಿಸಲು ಅಲ್ಲ, ಇರುವ ಕಾಯಿಲೆಯನ್ನು ನೋಡಿಕೊಳ್ಳಲು. ಒಳ್ಳೆಯ ಯಂತ್ರಕ್ಕೂ 100ರ ಮೇಲಿನ ಓದಿನಲ್ಲಿ ಶೇ 15ರಷ್ಟು ಹೆಚ್ಚುಕಮ್ಮಿಯನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಅಂದರೆ ನಿಮ್ಮ 168, ಲ್ಯಾಬಿನಲ್ಲಿ 150 ಇರಬಹುದು, 190ರ ಹತ್ತಿರವೂ ಇರಬಹುದು. ಹಣ್ಣು ಹೆಚ್ಚಿದ ಕೈಯಲ್ಲಿ ಚುಚ್ಚಿದರೆ ಇನ್ನೂ ತಲೆಕೆಳಗು. ಕೈ ತೊಳೆದು, ಒರೆಸಿಕೊಂಡು ನೋಡಬೇಕು.

ಎಲ್ಲಿ ಮಾಡಿಸುವುದು? ನಿಮ್ಮ ಹಳ್ಳಿಯ ಆಶಾ ಕಾರ್ಯಕರ್ತೆಯಿಂದ ಶುರು ಮಾಡಿ. 30 ದಾಟಿದ ಪ್ರತಿಯೊಬ್ಬರಿಗೂ ಬಿಪಿ, ಶುಗರ್ ತಪಾಸಣೆ ಮಾಡುವುದು ರಾಷ್ಟ್ರೀಯ ಕಾರ್ಯಕ್ರಮದ ಭಾಗ. ಆಶಾ ಅವರ ಹತ್ತಿರ ಅದಕ್ಕೊಂದು ಫಾರಂ ಇರುತ್ತದೆ. ಅದರಲ್ಲಿ ನಿಮ್ಮ ವಯಸ್ಸು, ಸೊಂಟದ ಅಳತೆ, ತಂಬಾಕು, ಕುಟುಂಬದ ಕಾಯಿಲೆ ಎಲ್ಲ ಬರೆದು ಅಂಕ ಹಾಕುತ್ತಾರೆ. ಊರಿನ ಉಪಕೇಂದ್ರಕ್ಕೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಬೋರ್ಡ್ ಬಿದ್ದಿರಬಹುದು. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ, ಜನ ಸಿಎಚ್‌ಒ ಎನ್ನುತ್ತಾರೆ. ಶುಗರ್ ಚುಚ್ಚಿ ನೋಡುವುದು, ಡಾಕ್ಟರು ಬರೆದ ಮಾತ್ರೆ ತಿಂಗಳು ತಿಂಗಳು ಕೊಡುವುದು, ಇ-ಸಂಜೀವಿನಿ ಮೂಲಕ ಫೋನಿನಲ್ಲೇ ಡಾಕ್ಟರನ್ನು ಮಾತಾಡಿಸುವುದು ಇವೆಲ್ಲ ಅವರ ಕೆಲಸ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೇ ಬಂದು ತಪಾಸಣೆ ಮಾಡುತ್ತಾರೆ. ನಿಮ್ಮ ಬೀದಿಗೆ ಯಾವಾಗ ಬರುತ್ತಾರೆ ಎಂದು ಆಶಾ ಅವರನ್ನೇ ಕೇಳಿ.

ತೋಳಿನಿಂದ ರಕ್ತ ತೆಗೆಯುವ ಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಅರಸೀಕೆರೆಯ ತಾಲ್ಲೂಕು ಆಸ್ಪತ್ರೆ. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಎನ್‌ಸಿಡಿ ಕ್ಲಿನಿಕ್ ಎಂದು ಬಿಪಿ, ಶುಗರ್‌ನವರಿಗೇ ಬೇರೆ ಕೊಠಡಿ ಇರುತ್ತದೆ. ಒಪಿಡಿ ಸಾಲಿನಲ್ಲಿ ನಿಂತು ಸುಸ್ತಾಗುವ ಬದಲು ಎನ್‌ಸಿಡಿ ಎಲ್ಲಿ ಎಂದು ಕೇಳಿ. ಕಣ್ಣು, ಕಿಡ್ನಿ, ಕಾಲಿನ ತೊಂದರೆ ಜಾಸ್ತಿಯಾದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಿಮ್ಸ್ ಇದೆ. ಅಲ್ಲೂ ಬಗೆಹರಿಯದ ಕೇಸುಗಳಿಗೆ ಬೆಂಗಳೂರಿನಲ್ಲಿ ಸರ್ಕಾರದ್ದೇ ಎಂಡೋಕ್ರೈನಾಲಜಿ ಸಂಸ್ಥೆ ಇದೆ, ಮೊದಲು ಕರ್ನಾಟಕ ಡಯಾಬಿಟಾಲಜಿ ಸಂಸ್ಥೆ ಎಂದು ಕರೆಯುತ್ತಿದ್ದರು. ಕಣ್ಣಿಗೆ ಮಿಂಟೊ ಆಸ್ಪತ್ರೆ. ಆದರೆ ನಿಮಗೆ ಈಗ ಬೆಂಗಳೂರಿನ ಅಗತ್ಯ ಇಲ್ಲ.

ತಮ್ಮ ಹೇಳಿದ ಪ್ಯಾಕೇಜ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಆ ದುಡ್ಡನ್ನು ಅಮ್ಮನ ಒಳ್ಳೆಯ ಚಪ್ಪಲಿಗೆ ಹಾಕಿ. ಎಂಬತ್ತು ತೊಂಬತ್ತು ಪರೀಕ್ಷೆ ಎಂದು ಜಾಹೀರಾತು ಇರುತ್ತದೆ. ರಕ್ತದ ಒಂದು ಪರೀಕ್ಷೆಯಲ್ಲೇ ಬರುವ ಇಪ್ಪತ್ತು ಅಂಶಗಳನ್ನು ಇಪ್ಪತ್ತು ಪರೀಕ್ಷೆ ಎಂದು ಎಣಿಸಿರುತ್ತಾರೆ. ಅದರಲ್ಲಿ ಎರಡೋ ಮೂರೋ ಕೆಂಪು ಅಕ್ಷರದಲ್ಲಿ ಬಂದು ನಿಮ್ಮ ನಿದ್ದೆ ಕೆಡಿಸುತ್ತವೆ. ಕೆಲವು ಪ್ಯಾಕೇಜುಗಳಲ್ಲಿ ಶುಗರ್ ಇದ್ದವರಿಗೆ ನಿಜಕ್ಕೂ ಬೇಕಾದ ಕಿಡ್ನಿಯ ಸ್ಥಿತಿ ತಿಳಿಸುವ ಮೂತ್ರದ ಆಲ್ಬುಮಿನ್ ಪರೀಕ್ಷೆಯೇ ಇರುವುದಿಲ್ಲ. ಪಾದ ಮುಟ್ಟಿ ನೋಡುವುದಂತೂ ಸಾಮಾನ್ಯವಾಗಿ ಇಂಥ ಪ್ಯಾಕೇಜಿನಲ್ಲಿ ಇರುವುದಿಲ್ಲ. ಖಾಸಗಿ ಲ್ಯಾಬಿಗೇ ಹೋಗುವುದಾದರೆ ಎನ್‌ಎಬಿಎಲ್ ಮಾನ್ಯತೆ, ಅಂದರೆ ಲ್ಯಾಬಿನ ಗುಣಮಟ್ಟಕ್ಕೆ ಸಿಗುವ ಮಾನ್ಯತೆ, ಇದೆಯಾ ಕೇಳಿ. ಪ್ರತಿ ಸಲ ಒಂದೇ ಲ್ಯಾಬಿಗೆ ಹೋಗಿ, ಆಗ ಹಿಂದಿನ ರಿಪೋರ್ಟಿನ ಜೊತೆ ಹೋಲಿಸಬಹುದು.

ನಿಮ್ಮ ಮುಖ್ಯ ಪ್ರಶ್ನೆ ಇನ್ನೂ ಬಾಕಿ ಇದೆ, ಯಾರನ್ನು ನಂಬುವುದು. ನನಗೆ ಅನ್ನಿಸುವುದು ಇಷ್ಟು. ನಿಮಗೆ ಮಾಹಿತಿಯ ಕೊರತೆ ಇಲ್ಲ. ದಿನಕ್ಕೊಂದು ವಿಡಿಯೊ ಬರುತ್ತಿದೆ ಎಂದು ನೀವೇ ಬರೆದಿದ್ದೀರಿ. ಕೊರತೆ ಇರುವುದು ನಿಮ್ಮ ಹಿಂದಿನ ನಂಬರ್ ನೆನಪಿಟ್ಟುಕೊಂಡು ಮುಂದಿನ ತಿಂಗಳು ‘ಯಾಕಮ್ಮ ಬರಲಿಲ್ಲ’ ಎಂದು ಕೇಳುವ ಒಂದು ಜಾಗದ್ದು. ಸಕ್ಕರೆ ಕಾಯಿಲೆ ಒಂದು ಸಲ ತೋರಿಸಿ ಮುಗಿಯುವುದಲ್ಲ. ವರ್ಷಾನುಗಟ್ಟಲೆ ನೋಡುವವರು ಬೇಕು. ದೊಡ್ಡ ಹೆಸರಿನ ಮೂರು ಡಾಕ್ಟರ ಹತ್ತಿರ ಒಂದೊಂದು ಸಲ ಹೋಗುವುದಕ್ಕಿಂತ ಹತ್ತಿರದ ಸಾಧಾರಣ ಎಂಬಿಬಿಎಸ್ ಡಾಕ್ಟರ ಹತ್ತಿರ ಹತ್ತು ಸಲ ಹೋಗುವುದು ಮೇಲು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ದಿನಾಂಕ, ಹೊತ್ತು, ಖಾಲಿ ಹೊಟ್ಟೆಯೋ ಊಟದ ನಂತರವೋ, ಶುಗರ್, ಬಿಪಿ, ತೂಕ, ಮಾತ್ರೆಯ ಹೆಸರು ಬರೆಯಿರಿ. ಹೊತ್ತು ಬರೆಯದ ನಂಬರ್‌ನಿಂದ ಡಾಕ್ಟರಿಗೆ ಉಪಯೋಗ ಇಲ್ಲ, ನಿಮ್ಮ 168ರ ಗೊಂದಲವೂ ಅದೇ ತಾನೇ.

ವಿಡಿಯೊಗಳನ್ನು ನೋಡಬೇಡಿ ಎಂದರೆ ನೀವು ಬಿಡುತ್ತೀರಾ? ಇಲ್ಲ. ಹಾಗಾದರೆ ಜರಡಿ ಹಿಡಿಯುವುದನ್ನು ಕಲಿಯಿರಿ. ಕೊನೆಯವರೆಗೂ ನೋಡಿ, ಕೊನೆಯಲ್ಲಿ ಏನನ್ನಾದರೂ ಮಾರುತ್ತಿದ್ದಾರಾ? ಮಾತ್ರೆ ನಿಲ್ಲಿಸಿ ಎನ್ನುತ್ತಿದ್ದಾರಾ? ಎಲ್ಲರಿಗೂ ಒಂದೇ ಮದ್ದು ಎನ್ನುತ್ತಿದ್ದಾರಾ? ಇದರಲ್ಲಿ ಒಂದಕ್ಕೆ ಹೌದು ಎಂದರೂ ಅಲ್ಲಿಗೇ ಬಿಟ್ಟುಬಿಡಿ. ನಿಮಗೆ ಗೊತ್ತಿರಲಿ, ಮದ್ದಿನಿಂದ ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು ನಮ್ಮ ದೇಶದಲ್ಲಿ 1954ರ ಕಾನೂನಿನ ಪ್ರಕಾರ ಅಪರಾಧ. ಮಾಯಾ ಮದ್ದುಗಳ ಜಾಹೀರಾತು ತಡೆಯಲು ಮಾಡಿದ ಆ ಕಾಯಿದೆಯ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರೇ ಇದೆ. ಅಂದರೆ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ‘ಶುಗರ್ ಶಾಶ್ವತ ಪರಿಹಾರ’ ಎಂದು ಬರೆದವರು ಅಲ್ಲೇ ಕಾನೂನು ಮುರಿದಿದ್ದಾರೆ. ಮಾತಾಡುವವರು ಡಾಕ್ಟರು ಎಂದು ಹೇಳಿಕೊಂಡರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಣಿ ಆಗಿದೆಯಾ ನೋಡಬಹುದು. ಇದನ್ನು ನಿಮ್ಮ ತಮ್ಮನಿಗೆ ಒಪ್ಪಿಸಿ, ಪ್ಯಾಕೇಜ್ ಹುಡುಕುವುದಕ್ಕಿಂತ ಒಳ್ಳೆಯ ಕೆಲಸ.

ಸಕ್ಕರೆ ಕಾಯಿಲೆಯನ್ನು ‘ರಿವರ್ಸ್’ ಮಾಡಬಹುದು, ಅಂದರೆ ಹಿಂದಕ್ಕೆ ತಿರುಗಿಸಬಹುದು ಎಂಬ ಮಾತು ಈಗ ಜೋರಾಗಿದೆ. ಅದು ಪೂರ್ತಿ ಸುಳ್ಳಲ್ಲ, ಅದಕ್ಕೇ ಜನ ಮೋಸ ಹೋಗುವುದು. ಬ್ರಿಟನ್‌ನಲ್ಲಿ ನಡೆದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ ತೂಕ ಇಳಿಸಿದವರ ಗುಂಪಿನಲ್ಲಿ ಶೇ 46ರಷ್ಟು ಜನ ಒಂದು ವರ್ಷಕ್ಕೆ ಮಾತ್ರೆ ಇಲ್ಲದೆ ಶುಗರ್ ಹತೋಟಿಯಲ್ಲಿಟ್ಟಿದ್ದರು. ಎರಡನೇ ವರ್ಷಕ್ಕೆ ಅದು ಶೇ 36ಕ್ಕೆ ಇಳಿಯಿತು. ಅವರೆಲ್ಲ ಕಾಯಿಲೆ ಗೊತ್ತಾಗಿ ಆರು ವರ್ಷದೊಳಗಿನವರು, ಇನ್ಸುಲಿನ್ ತೆಗೆದುಕೊಳ್ಳದವರು. ಮೂರರಿಂದ ಐದು ತಿಂಗಳು ದಿನಕ್ಕೆ 800 ಚಿಲ್ಲರೆ ಕ್ಯಾಲೊರಿಯ ಆಹಾರ, ಅದೂ ನರ್ಸ್ ಅಥವಾ ಆಹಾರ ತಜ್ಞರ ಕಣ್ಗಾವಲಿನಲ್ಲಿ. ಹೊಸದಾಗಿ ಶುಗರ್ ಬಂದ, ತೂಕ ಜಾಸ್ತಿ ಇರುವವರು ಡಾಕ್ಟರ ಜೊತೆ ಈ ವಿಷಯ ಮಾತಾಡಲೇಬೇಕು. ನಿಮ್ಮ ತಾಯಿಯ ಮಾತೇ ಬೇರೆ. ಪುಡಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ನಂಬಬಹುದಾದ ಮಾಹಿತಿ ಬೇಕೆಂದರೆ ವಿಶ್ವ ಆರೋಗ್ಯ ಸಂಸ್ಥೆ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇವೆ. ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗೆಂದೇ ಆಹಾರದ ಮಾರ್ಗಸೂಚಿ ಹೊರತಂದಿದೆ. ಆದರೆ ಇವುಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲೇ ಇವೆ, ಇದು ನನಗೂ ಬೇಸರದ ವಿಷಯ. ಕನ್ನಡದಲ್ಲಿ ಕೇಳಬೇಕೆಂದರೆ ಆರೋಗ್ಯ ಇಲಾಖೆಯ 104 ಸಹಾಯವಾಣಿ ಇದೆ. ಯಾವ ಆಸ್ಪತ್ರೆಯಲ್ಲಿ ಏನು ಸಿಗುತ್ತದೆ, ಈ ಮಾತ್ರೆ ಯಾತಕ್ಕೆ ಎಂಬುದನ್ನೆಲ್ಲ ಕೇಳಬಹುದು. ಆಶಾ ಅವರ ಹತ್ತಿರವೂ ಕನ್ನಡದ ಕರಪತ್ರಗಳು ಇರುತ್ತವೆ, ಕೇಳಿದರೆ ಕೊಡುತ್ತಾರೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂಬುದು ನಮ್ಮ ಕಡೆಯ ದೊಡ್ಡ ನಂಬಿಕೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಬಿಳಿ ಅನ್ನಕ್ಕಿಂತ ಒಳ್ಳೆಯದು, ಒಪ್ಪಿದೆ. ಆದರೆ ಅದೂ ಹಿಟ್ಟೇ. ಎರಡು ದೊಡ್ಡ ಮುದ್ದೆ ನುಂಗಿ ಮೇಲೆ ಅನ್ನ ಉಂಡರೆ ರಾಗಿ ಏನು ಮಾಡಲು ಸಾಧ್ಯ? ಒಂದು ಸಣ್ಣ ಮುದ್ದೆ, ಅದಕ್ಕಿಂತ ಜಾಸ್ತಿ ಸೊಪ್ಪು, ಕಾಳಿನ ಸಾರು ಇರಲಿ. ನುಣ್ಣಗೆ ಕಾಯಿಸಿದ ಗಂಜಿ ಮುದ್ದೆಗಿಂತ ಬೇಗ ಶುಗರ್ ಏರಿಸುತ್ತದೆ. ಹಾಗಲಕಾಯಿ, ಮೆಂತ್ಯವನ್ನು ಪಲ್ಯ ಮಾಡಿ ತಿನ್ನಿ, ಸಂತೋಷ. ಮಾತ್ರೆಯ ಬದಲಿಗೆ ಅಲ್ಲ.

ಪರೀಕ್ಷೆಯಲ್ಲಿ ಗಡಿ ಎಂದು ಬಂದರೆ ಎದೆಗುಂದಬೇಡಿ. ಐಸಿಎಂಆರ್‌ನ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಅದರ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಗಡಿಯಲ್ಲಿರುವವರು 13.6 ಕೋಟಿ. ಗಡಿಯಲ್ಲಿರುವ ಎಲ್ಲರೂ ಆ ಕಡೆಗೇ ದಾಟಬೇಕೆಂದಿಲ್ಲ. ಚೆನ್ನೈನಲ್ಲಿ ಗಡಿಯಲ್ಲಿದ್ದವರ ಮೇಲೆಯೇ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಊಟ ಸರಿಮಾಡಿಕೊಂಡು ದಿನಾ ನಡೆದವರಲ್ಲಿ ಕಾಯಿಲೆಗೆ ತಿರುಗುವ ಅಪಾಯ ಶೇ 28.5ರಷ್ಟು ಇಳಿದಿತ್ತು. ಮೆಟ್ಫಾರ್ಮಿನ್ ಕೊಟ್ಟವರಲ್ಲೂ ಹೆಚ್ಚುಕಡಿಮೆ ಅಷ್ಟೇ. ನಡಿಗೆ ಮಾತ್ರೆಯಷ್ಟೇ ಕೆಲಸ ಮಾಡಿತು ಎಂದಾಯಿತು. ಹಳ್ಳಿಯಲ್ಲಿ ಹೆಂಗಸು ಸುಮ್ಮನೆ ನಡೆಯಲು ಹೊರಟರೆ ‘ಎಲ್ಲಿಗೆ ಹೊರಟೆ’ ಎಂದು ಕೇಳುವವರು ಹತ್ತು ಜನ, ನನಗೆ ಗೊತ್ತು. ಸ್ತ್ರೀಶಕ್ತಿ ಸಂಘದ ಇಬ್ಬರು ಮೂವರನ್ನು ಜೊತೆ ಮಾಡಿಕೊಳ್ಳಿ. ಅರ್ಧ ಗಂಟೆಗೊಮ್ಮೆ ಮೆಷಿನ್ ಬಿಟ್ಟು ಎದ್ದು ಅಂಗಳ ಸುತ್ತಿ ಬನ್ನಿ.

ಕಾಯಿಲೆ ಇದೆ ಎಂದೇ ಖಚಿತವಾದರೆ ದಿನದ ಶುಗರ್ ಜೊತೆ ವರ್ಷಕ್ಕೊಮ್ಮೆ ನೋಡಬೇಕಾದವು ಕೆಲವಿವೆ. ಕಣ್ಣಿಗೆ ಹನಿ ಹಾಕಿ ಪಾಪೆ ಅಗಲಿಸಿ ಹಿಂಭಾಗದ ಪರದೆ ನೋಡುವುದು, ಮೂತ್ರದಲ್ಲಿ ಆಲ್ಬುಮಿನ್, ಕಿಡ್ನಿಗಾಗಿ ರಕ್ತದಲ್ಲಿ ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ಪಾದದ ಸ್ಪರ್ಶ. ಕಣ್ಣು ಚೆನ್ನಾಗಿ ಕಾಣುತ್ತಿದೆ, ಯಾಕೆ ಪರೀಕ್ಷೆ ಎನ್ನುತ್ತಾರೆ ಜನ. ಮಸುಕಾಗುವ ಹೊತ್ತಿಗೆ ಒಳಗೆ ಬಹಳಷ್ಟು ಹಾಳಾಗಿರುತ್ತದೆ. ನಿಮ್ಮ ತಾಯಿಗೆ ಇವೆಲ್ಲ ಕೊನೆಯ ಸಲ ಆದದ್ದು ಯಾವಾಗ? ನೆನಪಿಲ್ಲ ಎಂದರೆ ಆಗಿಲ್ಲ ಎಂದೇ ತಿಳಿದು ಮಾಡಿಸಿ.

ನಿಮ್ಮ ತಂದೆಯ ಬೆರಳು ಹೋದದ್ದನ್ನು ನೀವು ಒಂದು ಸಾಲಿನಲ್ಲಿ ಬರೆದಿದ್ದೀರಿ. ಅಮ್ಮನ ವಿಷಯದಲ್ಲಿ ಅದು ಮತ್ತೆ ಆಗದಂತೆ ನೋಡಿಕೊಳ್ಳಲು ದುಡ್ಡು ಬೇಕಿಲ್ಲ. ದಿನಾ ಸಂಜೆ ಅವರ ಅಂಗಾಲು, ಬೆರಳ ಸಂದು ನೋಡಿ. ಅವರಿಗೆ ಬಗ್ಗಿ ನೋಡಲು ಆಗದು, ಸ್ಪರ್ಶ ಕಮ್ಮಿಯಾಗಿದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯದು. ಮನೆಯೊಳಗೂ ಚಪ್ಪಲಿ ಹಾಕಲಿ. ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಅಂಗಾಲು ಬೊಬ್ಬೆ ಎದ್ದವರನ್ನು ಬೇಸಿಗೆಯಲ್ಲಿ ನಾವು ನೋಡುತ್ತಲೇ ಇರುತ್ತೇವೆ. ದೇವರ ದರ್ಶನ ಬೆಳಿಗ್ಗೆ ಬೇಗ ಮುಗಿಸಲಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಗಾಯಕ್ಕೆ ಸೊಪ್ಪು ಅರೆದು ಕಟ್ಟುವುದು ಬೇಡ. ಸಣ್ಣ ಗಾಯವಾದರೂ ಆಸ್ಪತ್ರೆಗೆ ತೋರಿಸಿ.

ಖರ್ಚಿನ ಮಾತು. ಆರೋಗ್ಯ ಕೇಂದ್ರದಲ್ಲಿ ಮೆಟ್ಫಾರ್ಮಿನ್, ಗ್ಲಿಮೆಪಿರೈಡ್ ಮುಂತಾದ ಮೂಲ ಮಾತ್ರೆಗಳು ಉಚಿತ. ಸ್ಟಾಕ್ ಇಲ್ಲ ಎಂದರೆ ಜನೌಷಧಿ ಕೇಂದ್ರದಲ್ಲಿ ಬ್ರ್ಯಾಂಡ್ ಮಾತ್ರೆಗಿಂತ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತವೆ. ಡಾಕ್ಟರಿಗೆ ಕಂಪನಿಯ ಹೆಸರಿನ ಬದಲು ಮಾತ್ರೆಯ ಹೆಸರನ್ನೇ ಬರೆದುಕೊಡಿ ಎಂದು ಕೇಳಿ. ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ದುಬಾರಿ ಎಂದು ಹಿಂದೆ ಬಿಟ್ಟವರಿದ್ದರೆ ಮತ್ತೆ ವಿಚಾರಿಸಲಿ. 2025ರ ಮಾರ್ಚಿನಲ್ಲಿ ಅದರ ಪೇಟೆಂಟ್ ಮುಗಿದು ಬೆಲೆ ಬಹಳ ಇಳಿದಿದೆ. ಹೃದಯ, ಕಿಡ್ನಿಯ ತೊಂದರೆ ಇರುವ ಕೆಲವರಿಗೆ ಅದು ನಿಜಕ್ಕೂ ಒಳ್ಳೆಯ ಮಾತ್ರೆ.

ಅಪ್ಪನನ್ನು ನೋಡಿಕೊಂಡಿರಿ, ಈಗ ಅಮ್ಮನನ್ನು ನೋಡಿಕೊಳ್ಳುತ್ತಿದ್ದೀರಿ, ನಡುವೆ ನಿಮ್ಮದೇ ಹೆದರಿಕೆ. ರಾತ್ರಿ ನಿದ್ದೆ ಬರದಷ್ಟು ಕಾಡಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಶುಗರ್ ಚಿಂತೆಗೆಲ್ಲ ಅಲ್ಲಿಗೆ ಫೋನ್ ಮಾಡಬಹುದಾ ಎಂದು ಸಂಕೋಚ ಬೇಡ. ಮಾಡಬಹುದು.

ಕೊನೆಗೆ ನಿಮ್ಮ ತಮ್ಮ. ಅಕ್ಕನಿಗೆ ಪ್ಯಾಕೇಜ್ ಹೇಳುವ ಅವರು ತಮ್ಮ ಶುಗರ್ ನೋಡಿಸಿಕೊಂಡಿದ್ದಾರಾ? ಅಪ್ಪ ಅಮ್ಮ ಇಬ್ಬರಿಗೂ ಇದ್ದ ಮೇಲೆ ಅವರ ಲೆಕ್ಕವೂ ನಿಮ್ಮಂತೆಯೇ ಶುರುವಾಗುತ್ತದೆ. ಬೆಂಗಳೂರಿನ ವಾರ್ಡುಗಳಲ್ಲಿ ಸರ್ಕಾರದ ನಮ್ಮ ಕ್ಲಿನಿಕ್‌ಗಳಿವೆ, ಅಲ್ಲಿ ಉಚಿತವಾಗಿ ನೋಡುತ್ತಾರೆ. ನಾರ್ಮಲ್ ಬಂದರೂ ಮೂರು ವರ್ಷದೊಳಗೆ ಇನ್ನೊಮ್ಮೆ ಮಾಡಿಸಬೇಕು. ಅವರ ಕುಟುಂಬದ ಹಿನ್ನೆಲೆಗೆ ವರ್ಷಕ್ಕೊಮ್ಮೆ ಮಾಡಿಸಿದರೆ ಒಳ್ಳೆಯದು, ಸೊಂಟ 90 ಸೆಂ.ಮೀ. ದಾಟಿದ್ದರೆ ಈ ತಿಂಗಳೇ.